ಆಗ್ನರ್ ಕ್ರಾರುಪ್ ಎರ್ಲಾಂಗ್

ಆಗ್ನರ್ ಕ್ರಾರುಪ್ ಎರ್ಲಾಂಗ್ (ಜನವರಿ 1, 1878 – ಫೆಬ್ರವರಿ 3, 1929) ಡೆನ್ಮಾರ್ಕ್ ದೇಶದ ಗಣಿತಜ್ಞ, ಸಂಖ್ಯಾಶಾಸ್ತ್ರಜ್ಞ ಹಾಗೂ ದೂರವಾಣಿ ಇಂಜಿನಿಯರ್. ದೂರವಾಣಿಯಲ್ಲಿ ಕರೆ ಮಾಡಿದವರಿಗೆ ಲೈನು ಬಿಡುವಿಲ್ಲವೆಂಬ ಉತ್ತರ ಎಷ್ಟು ಸಲ ಸಿಗುತ್ತದೆ ಎಂಬುದನ್ನು ಮುಂಚಿತವಾಗಿಯೇ ಲೆಕ್ಕ ಹಾಕುವ ಸೂತ್ರವನ್ನು ಅವರು ಕಂಡುಹಿಡಿದರು. ಕರೆದಟ್ಟಣೆ ಸಿದ್ಧಾಂತ ಮತ್ತು ಸರತಿ ಸಿದ್ಧಾಂತ ಎಂಬ ಎರಡು ಅಧ್ಯಯನ ಶಾಖೆಗಳಿಗೆ ಅವರ ಬರಹಗಳೇ ಬುನಾದಿ. ದೂರವಾಣಿ ದಟ್ಟಣೆಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಕೈಯಿಂದ ತಂತಿ ಜೋಡಿಸುತ್ತಿದ್ದ ಕಾಲದ ವಿನಿಮಯ ಕೇಂದ್ರಗಳಿಗಾಗಿ ಅವರು ರೂಪಿಸಿದ ಲೆಕ್ಕವನ್ನು ಮೊಬೈಲ್ ಗೋಪುರಗಳಲ್ಲಿ ಎಷ್ಟು ವಾಹಿನಿಗಳಿರಬೇಕೆಂದು ನಿರ್ಧರಿಸಲು ಇಂದಿಗೂ ಬಳಸಲಾಗುತ್ತದೆ.

ಜನನ ಮತ್ತು ಬಾಲ್ಯ

ಎರ್ಲಾಂಗ್ ಅವರು ಡೆನ್ಮಾರ್ಕಿನ ಜುಟ್‌ಲ್ಯಾಂಡ್ ಪ್ರಾಂತದ ಟಾರ್ಮ್ ಪಟ್ಟಣದ ಸಮೀಪವಿರುವ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಆ ಊರಿನ ಶಾಲೆಯ ಉಪಾಧ್ಯಾಯರಾಗಿದ್ದರು. ಚರ್ಚಿನ ಗುಮಾಸ್ತಿಕೆಯನ್ನೂ ನೋಡಿಕೊಳ್ಳುತ್ತಿದ್ದರು. ತಾಯಿ ಮ್ಯಾಗ್ಡಲೀನ್ ಕ್ರಾರುಪ್ ಪಾದ್ರಿಗಳ ಮನೆತನದಿಂದ ಬಂದವರು. ಹದಿನಾರು ಮತ್ತು ಹದಿನೇಳನೆಯ ಶತಮಾನಗಳಲ್ಲಿ ಬಾಳಿದ ಡ್ಯಾನಿಶ್ ಗಣಿತಜ್ಞ ಥಾಮಸ್ ಫಿಂಕೆ ತಾಯಿಯ ಕಡೆಯ ಪೂರ್ವಜರಲ್ಲಿ ಒಬ್ಬರು. ತ್ರಿಕೋನಮಿತಿಯ ಟ್ಯಾಂಜೆಂಟ್ ಮತ್ತು ಸೀಕೆಂಟ್ ಎಂಬ ಪದಗಳನ್ನು ಬಳಕೆಗೆ ತಂದವರು ಈ ಫಿಂಕೆ. ಎರ್ಲಾಂಗ್ ಅವರಿಗೆ ಫ್ರೆಡರಿಕ್ ಎಂಬ ಅಣ್ಣನೂ ಮರಿಯ ಮತ್ತು ಇಂಗೆಬೋರ್ಗ್ ಎಂಬ ಇಬ್ಬರು ಸಹೋದರಿಯರೂ ಇದ್ದರು.

ಮಕ್ಕಳ ಮೊದಲ ವಿದ್ಯಾಭ್ಯಾಸ ತಂದೆಯ ಶಾಲೆಯಲ್ಲೇ ನಡೆಯಿತು. ಆಗ್ನರ್ ಶಾಂತ ಸ್ವಭಾವದ ಹುಡುಗ. ಆಟಕ್ಕಿಂತ ಓದಿನ ಕಡೆಗೇ ಒಲವು ಹೆಚ್ಚು. ಸಂಜೆ ಅಣ್ಣ ಪುಸ್ತಕ ಓದುತ್ತಿದ್ದಾಗ ಎದುರಿಗೆ ಕುಳಿತು ಅದೇ ಪುಸ್ತಕವನ್ನು ತಲೆಕೆಳಗಾಗಿ ಓದುವುದನ್ನು ಅವರು ರೂಢಿಸಿಕೊಂಡಿದ್ದರೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಖಗೋಳಶಾಸ್ತ್ರ ಅವರ ಅಚ್ಚುಮೆಚ್ಚಿನ ವಿಷಯವಾಗಿತ್ತು. ಆಕಾಶಕಾಯಗಳನ್ನು ಕುರಿತು ಬಾಲ್ಯದಲ್ಲಿ ಪದ್ಯಗಳನ್ನೂ ಬರೆದಿದ್ದರು.

ಶಿಕ್ಷಣ

ಹದಿನಾಲ್ಕನೆಯ ವಯಸ್ಸಿನಲ್ಲಿ ಎರ್ಲಾಂಗ್ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪೂರ್ವಭಾವಿ ಪರೀಕ್ಷೆಗೆ ಕುಳಿತರು. ನಿಗದಿತ ವಯಸ್ಸು ಆಗಿರದ ಕಾರಣ ವಿಶೇಷ ಅನುಮತಿ ಪಡೆಯಬೇಕಾಯಿತು. ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರೂ ಕೂಡಲೇ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿ ಸಹಾಯಕ ಶಿಕ್ಷಕರಾಗಿ ದುಡಿದರು. ಬಳಿಕ ದೂರದ ಸಂಬಂಧಿಯೊಬ್ಬರು ಊಟ ಮತ್ತು ವಸತಿಯನ್ನು ಉಚಿತವಾಗಿ ಒದಗಿಸಿದ್ದರಿಂದ ಓದು ಮುಂದುವರಿಸಲು ಸಾಧ್ಯವಾಯಿತು. 1896ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಉತ್ತಮ ಶ್ರೇಣಿ ಗಳಿಸಿ ವಿದ್ಯಾರ್ಥಿವೇತನದ ನೆರವಿನಿಂದ ಕೋಪನ್‌ಹೇಗನ್ ಸೇರಿದರು.

ಅಲ್ಲಿ ಗಣಿತವನ್ನು ಮುಖ್ಯ ವಿಷಯವಾಗಿಯೂ ಖಗೋಳಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನು ಜೊತೆಯ ವಿಷಯಗಳಾಗಿಯೂ ಅಭ್ಯಾಸ ಮಾಡಿ 1901ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಜ್ಯಾಮಿತಿ ಹಾಗೂ ಗಣಿತದ ಇತಿಹಾಸದಲ್ಲಿ ಹೆಸರಾಗಿದ್ದ ಝೂಥೆನ್ ಅವರು ಎರ್ಲಾಂಗ್ ಅವರ ಗುರುಗಳಲ್ಲಿ ಪ್ರಮುಖರು.

ಶಿಕ್ಷಕ ವೃತ್ತಿ

ಪದವಿಯ ನಂತರದ ಸುಮಾರು ಏಳು ವರ್ಷ ಎರ್ಲಾಂಗ್ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ಈ ಅವಧಿಯಲ್ಲೂ ಗಣಿತದ ಅಧ್ಯಯನವನ್ನು ಬಿಡಲಿಲ್ಲ. ಅತ್ಯಲ್ಪಾಂಶಗಳಿಗೆ ಸಂಬಂಧಿಸಿದ ಸಮಸ್ಯೆಗಳನ್ನು ಹಾಯ್ಗನ್ಸ್ ಬಿಡಿಸಿದ ರೀತಿಯನ್ನು ಕುರಿತು 1904ರಲ್ಲಿ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕೆ ಮನ್ನಣೆ ದೊರೆಯಿತು. ಡ್ಯಾನಿಶ್ ಗಣಿತಜ್ಞರ ಸಂಘದ ಸಭೆಗಳಿಗೆ ಅವರು ತಪ್ಪದೆ ಹೋಗುತ್ತಿದ್ದರು. ಅವರ ಜೀವನ ಹೊಸ ದಿಕ್ಕಿಗೆ ತಿರುಗಿದ್ದು ಈ ಸಭೆಗಳಿಂದಲೇ.

ದೂರವಾಣಿ ಕಂಪನಿಗೆ ಸೇರ್ಪಡೆ

ಗಣಿತ ಸಂಘದ ಸದಸ್ಯರಲ್ಲಿ ಯೋಹಾನ್ ಯೆನ್ಸನ್ ಎಂಬುವರಿದ್ದರು. ಉಬ್ಬು ಫಲನಗಳ ಬಗೆಗಿನ ಯೆನ್ಸನ್ ಅಸಮತೆ ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ಗಣಿತ ಅವರಿಗೆ ಬಿಡುವಿನ ವೇಳೆಯ ಹವ್ಯಾಸ. ವೃತ್ತಿಯಲ್ಲಿ ಅವರು ಕೋಪನ್‌ಹೇಗನ್ ದೂರವಾಣಿ ಕಂಪನಿಯ ಮುಖ್ಯ ಇಂಜಿನಿಯರ್ ಆಗಿದ್ದರು. ಕಂಪನಿಯ ವ್ಯವಸ್ಥಾಪಕ ನಿರ್ದೇಶಕ ಫ್ರಿಟ್ಸ್ ಯೋಹಾನ್ಸನ್ ಅವರಿಗೆ ಎರ್ಲಾಂಗ್ ಅವರನ್ನು ಪರಿಚಯಿಸಿದವರು ಯೆನ್ಸನ್. ಕರೆಗಳ ಸಂಖ್ಯೆ, ಚಂದಾದಾರರು ಕಾಯಬೇಕಾದ ಸಮಯ, ಲೈನು ಬಿಡುವಿಲ್ಲದೆ ಕರೆಗಳು ವಿಫಲವಾಗುವುದು ಮುಂತಾದ ಪ್ರಶ್ನೆಗಳನ್ನು ಯೋಹಾನ್ಸನ್ ಆಗಲೇ ಸಂಭವನೀಯತೆಯ ದೃಷ್ಟಿಯಿಂದ ನೋಡಲು ಆರಂಭಿಸಿದ್ದರು. ಈ ಕೆಲಸವನ್ನು ಮುಂದಕ್ಕೆ ಒಯ್ಯಲು ಅವರಿಗೆ ಒಬ್ಬ ಗಣಿತಜ್ಞ ಬೇಕಾಗಿತ್ತು.

1908ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಎರ್ಲಾಂಗ್ ಕಂಪನಿಯನ್ನು ಸೇರಿದರು. ಮುಂದೆ ಅದರ ಪ್ರಯೋಗಾಲಯದ ಮುಖ್ಯಸ್ಥರಾಗಿ ಜೀವನದ ಕೊನೆಯವರೆಗೂ ಅಲ್ಲೇ ಉಳಿದರು. ಆರಂಭದಲ್ಲಿ ಅವರಿಗೆ ಸಹಾಯಕ ಸಿಬ್ಬಂದಿ ಇರಲಿಲ್ಲ. ಕೇಬಲ್‌ಗಳಿಗೆ ಹಾನಿ ಮಾಡುವ ಸೋರಿಕೆ ವಿದ್ಯುತ್ತನ್ನು ಅಳೆಯುವ ಕೆಲಸವನ್ನು ಬೀದಿಗಿಳಿದು ಅವರೇ ಮಾಡಬೇಕಾಗಿತ್ತು. ಏಣಿ ಹೊತ್ತ ಕೆಲಸಗಾರನೊಬ್ಬನನ್ನು ಜೊತೆಗೆ ಕರೆದುಕೊಂಡು ಬಂದು, ರಸ್ತೆಯ ನೆಲದಡಿಯ ಗುಂಡಿಗಳಿಗೆ ಇಳಿಯುತ್ತಿದ್ದ ಎರ್ಲಾಂಗ್ ಅವರನ್ನು ಕೋಪನ್‌ಹೇಗನ್ನಿನ ಜನ ಕಂಡಿದ್ದರು.

ಹಿನ್ನೆಲೆ: ಬಿಡುವಿಲ್ಲದ ಲೈನಿನ ಸಮಸ್ಯೆ

ಆ ಕಾಲದ ಬಹುಪಾಲು ವಿನಿಮಯ ಕೇಂದ್ರಗಳಲ್ಲಿ ಕರೆಗಳನ್ನು ಜೋಡಿಸುತ್ತಿದ್ದವರು ಆಪರೇಟರುಗಳು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಕರೆ ಮಾಡಿದವರು ತಮಗೆ ಬೇಕಾದ ಸಂಖ್ಯೆಯನ್ನು ಹೇಳುತ್ತಿದ್ದರು. ಆಪರೇಟರು ತಂತಿಯ ಪ್ಲಗ್ಗಿನ ತುದಿಯನ್ನು ಆ ಸಂಖ್ಯೆಯ ಜ್ಯಾಕಿನ ಅಂಚಿಗೆ ತಾಕಿಸಿ ನೋಡುತ್ತಿದ್ದರು. ಆ ಲೈನಿನಲ್ಲಿ ಮಾತುಕತೆ ನಡೆಯುತ್ತಿದ್ದರೆ ಕಿವಿಯ ರಿಸೀವರಿನಲ್ಲಿ ಟಕ್ ಎಂಬ ಸದ್ದು ಕೇಳುತ್ತಿತ್ತು. ಆಗ ಲೈನು ಬಿಡುವಿಲ್ಲವೆಂದು ಕರೆ ಮಾಡಿದವರಿಗೆ ಬಾಯಿಮಾತಿನಲ್ಲೇ ತಿಳಿಸುತ್ತಿದ್ದರು. ಮುಂದೆ ಸ್ವಯಂಚಾಲಿತ ಕೇಂದ್ರಗಳು ಬಂದಾಗ ಈ ಬಾಯಿಮಾತಿನ ಬದಲು ಬಿಟ್ಟುಬಿಟ್ಟು ಕೇಳಿಸುವ ಬಿಜಿ ಟೋನ್ ಬಂತು.

ಲೈನು ಸಿಗದಿರಲು ಎರಡು ಬೇರೆ ಬೇರೆ ಕಾರಣಗಳಿವೆ. ಒಂದು, ನಾವು ಯಾರನ್ನು ಕರೆಯುತ್ತೇವೆಯೋ ಅವರೇ ಇನ್ನೊಬ್ಬರೊಂದಿಗೆ ಮಾತನಾಡುತ್ತಿರುವುದು. ಇನ್ನೊಂದು, ಅವರು ಬಿಡುವಾಗಿಯೇ ಇದ್ದರೂ ನಮ್ಮನ್ನು ಅವರವರೆಗೆ ತಲುಪಿಸುವ ದಾರಿ ತುಂಬಿಹೋಗಿರುವುದು. ಎರಡು ಕೇಂದ್ರಗಳ ನಡುವೆ ಹತ್ತು ಲೈನುಗಳಿದ್ದು ಹತ್ತರಲ್ಲೂ ಮಾತುಕತೆ ನಡೆಯುತ್ತಿದ್ದರೆ ಹನ್ನೊಂದನೆಯ ಕರೆಗೆ ಜಾಗವಿರುವುದಿಲ್ಲ. ಮೊದಲನೆಯ ಕಾರಣ ಚಂದಾದಾರರಿಗೆ ಸೇರಿದ್ದು. ಎರಡನೆಯದು ಕಂಪನಿಗೆ ಸೇರಿದ್ದು. ಲೈನುಗಳನ್ನು ಹೆಚ್ಚಿಸಿದರೆ ತಾಮ್ರದ ತಂತಿಗೂ ಉಪಕರಣಗಳಿಗೂ ಹಣ ಬೇಕು. ಕಡಿಮೆ ಮಾಡಿದರೆ ಚಂದಾದಾರರು ಹಣ ತೆತ್ತೂ ಮಾತನಾಡಲಾರರು. ಎಷ್ಟು ಲೈನುಗಳು, ಎಷ್ಟು ಜನ ಆಪರೇಟರುಗಳು ಸಾಕು ಎಂಬುದನ್ನು ಬಹುಮಟ್ಟಿಗೆ ಅನುಭವ ಮತ್ತು ಅಂದಾಜಿನ ಮೇಲೆ ನಿರ್ಧರಿಸಲಾಗುತ್ತಿತ್ತು. ಎರ್ಲಾಂಗ್ ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನು.

1909ರ ಪ್ರಬಂಧ

ಎರ್ಲಾಂಗ್ ಅವರ ಮೊದಲ ಮುಖ್ಯ ಬರಹ 1909ರಲ್ಲಿ ಡ್ಯಾನಿಶ್ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸಂಭವನೀಯತಾ ಸಿದ್ಧಾಂತ ಮತ್ತು ದೂರವಾಣಿ ಸಂಭಾಷಣೆಗಳು ಇದರ ವಿಷಯ. ಚಂದಾದಾರರು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ತಮಗೆ ತೋಚಿದ ಗಳಿಗೆಯಲ್ಲಿ ಕರೆ ಮಾಡುವುದಾದರೆ, ಒಂದು ನಿರ್ದಿಷ್ಟ ಅವಧಿಯಲ್ಲಿ ಬರುವ ಕರೆಗಳ ಸಂಖ್ಯೆ ಪ್ವಾಸೋನ್ ವಿತರಣೆಯನ್ನು ಅನುಸರಿಸುತ್ತದೆ ಎಂದು ಅವರು ತೋರಿಸಿದರು.

ಇದರ ಅರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಕೇಂದ್ರಕ್ಕೆ ಗಂಟೆಗೆ ಸರಾಸರಿ 20 ಕರೆಗಳು ಬರುತ್ತವೆ ಎಂದುಕೊಳ್ಳೋಣ. ಅಂದರೆ ಮೂರು ನಿಮಿಷಕ್ಕೆ ಸರಾಸರಿ ಒಂದು ಕರೆ. ಆದರೆ ಪ್ರತಿ ಮೂರು ನಿಮಿಷಕ್ಕೂ ಸರಿಯಾಗಿ ಒಂದೊಂದೇ ಕರೆ ಬರುವುದಿಲ್ಲ. ಅಂಥ 100 ಅವಧಿಗಳನ್ನು ಗಮನಿಸಿದರೆ ಸುಮಾರು 37ರಲ್ಲಿ ಒಂದು ಕರೆಯೂ ಇರುವುದಿಲ್ಲ. 37ರಲ್ಲಿ ಒಂದು, 18ರಲ್ಲಿ ಎರಡು, 6ರಲ್ಲಿ ಮೂರು, ಉಳಿದ ಎರಡರಲ್ಲಿ ಅದಕ್ಕೂ ಹೆಚ್ಚು ಕರೆಗಳು ಬರುತ್ತವೆ. ಕೆಲವೊಮ್ಮೆ ಲೈನು ಸುಮ್ಮನೆ ಬಿದ್ದಿರುತ್ತದೆ, ಕೆಲವೊಮ್ಮೆ ಕರೆಗಳು ಒಟ್ಟಿಗೇ ಮುಗಿಬೀಳುತ್ತವೆ. ಇದು ಚಂದಾದಾರರ ತಪ್ಪೂ ಅಲ್ಲ, ಆಪರೇಟರುಗಳ ತಪ್ಪೂ ಅಲ್ಲ. ಯಾದೃಚ್ಛಿಕವಾಗಿ ಬರುವ ಕರೆಗಳ ಸ್ವಭಾವವೇ ಹಾಗೆ. ಆ ಏರಿಳಿತಕ್ಕೂ ಒಂದು ನಿಯಮವಿದೆ ಎಂಬುದು ಈ ಪ್ರಬಂಧದ ಸಾರ.

1917ರ ಪ್ರಬಂಧ ಮತ್ತು ನಷ್ಟ ಸೂತ್ರ

ಎರ್ಲಾಂಗ್ ಅವರ ಅತ್ಯಂತ ಮುಖ್ಯ ಕೃತಿ 1917ರಲ್ಲಿ ಹೊರಬಂದಿತು. ಸ್ವಯಂಚಾಲಿತ ವಿನಿಮಯ ಕೇಂದ್ರಗಳಿಗೆ ಮಹತ್ವದ್ದಾದ ಕೆಲವು ಸಂಭವನೀಯತಾ ಸಮಸ್ಯೆಗಳ ಪರಿಹಾರವನ್ನು ಅದರಲ್ಲಿ ಅವರು ಮಂಡಿಸಿದರು. ಮುಂದೆ ಎರ್ಲಾಂಗ್ ಬಿ ಮತ್ತು ಎರ್ಲಾಂಗ್ ಸಿ ಎಂದು ಹೆಸರಾದ ಎರಡು ಸೂತ್ರಗಳೂ ಈ ಪ್ರಬಂಧದಲ್ಲಿವೆ.

ಮೊದಲನೆಯದು ನಷ್ಟ ಸೂತ್ರ. ಎಲ್ಲ ಲೈನುಗಳೂ ತುಂಬಿರುವಾಗ ಬಂದ ಕರೆ ಕಾಯದೆ ಹಿಂತಿರುಗುತ್ತದೆ, ಅಂದರೆ ಕರೆ ಮಾಡಿದವರಿಗೆ ಬಿಜಿ ಟೋನ್ ಕೇಳಿಸುತ್ತದೆ ಎಂಬ ಸ್ಥಿತಿಗೆ ಇದು ಅನ್ವಯಿಸುತ್ತದೆ. ಒದಗುವ ದಟ್ಟಣೆ ಎಷ್ಟು, ಲೈನುಗಳೆಷ್ಟು ಎಂಬ ಎರಡು ಸಂಖ್ಯೆಗಳು ತಿಳಿದರೆ ಹೀಗೆ ಹಿಂತಿರುಗುವ ಕರೆಗಳ ಪಾಲು ಎಷ್ಟೆಂದು ಇದು ಹೇಳುತ್ತದೆ.

ದಟ್ಟಣೆಯನ್ನು ಅಳೆಯುವ ಕ್ರಮ ಸರಳವಾಗಿದೆ. ಒಂದು ಗಂಟೆಯಲ್ಲಿ ಬರುವ ಕರೆಗಳ ಸಂಖ್ಯೆಯನ್ನು ಒಂದು ಕರೆಯ ಸರಾಸರಿ ಅವಧಿಯಿಂದ, ಗಂಟೆಯ ಲೆಕ್ಕದಲ್ಲಿ, ಗುಣಿಸಬೇಕು. ತಲಾ ಮೂರು ನಿಮಿಷದ 20 ಕರೆಗಳಾದರೆ ಒಟ್ಟು 60 ನಿಮಿಷ, ಅಂದರೆ ಒಂದು ಮಾನ. ಮೇಲ್ನೋಟಕ್ಕೆ ಇದಕ್ಕೆ ಒಂದೇ ಲೈನು ಸಾಕೆನಿಸುತ್ತದೆ. 60 ನಿಮಿಷದ ಮಾತಿಗೆ 60 ನಿಮಿಷದ ಲೈನು. ಎರ್ಲಾಂಗ್ ಸೂತ್ರ ಹೇಳುವುದೇ ಬೇರೆ. ಈ ದಟ್ಟಣೆಗೆ:

ಒಂದು ಲೈನಿದ್ದರೆ 100ಕ್ಕೆ 50 ಕರೆಗಳು ಹಿಂತಿರುಗುತ್ತವೆ.
ಎರಡು ಲೈನುಗಳಿದ್ದರೆ 20 ಕರೆಗಳು ಹಿಂತಿರುಗುತ್ತವೆ.
ಮೂರು ಲೈನುಗಳಿದ್ದರೆ ಸುಮಾರು 6 ಕರೆಗಳು ಹಿಂತಿರುಗುತ್ತವೆ.
ನಾಲ್ಕು ಲೈನುಗಳಿದ್ದರೆ ಸುಮಾರು ಒಂದೂವರೆಯಷ್ಟು ಕರೆಗಳು ಹಿಂತಿರುಗುತ್ತವೆ.
ಐದು ಲೈನುಗಳಿದ್ದರೆ 1000ಕ್ಕೆ ಸುಮಾರು 3 ಕರೆಗಳು ಮಾತ್ರ ಹಿಂತಿರುಗುತ್ತವೆ.

ಲೈನುಗಳ ಸಂಖ್ಯೆ ಹೆಚ್ಚಿದಂತೆ ನಷ್ಟ ಬೇಗ ಇಳಿಯುತ್ತದೆ, ಆದರೆ ಎಂದಿಗೂ ಸೊನ್ನೆಯಾಗುವುದಿಲ್ಲ. ಎಷ್ಟೇ ಹಣ ಖರ್ಚು ಮಾಡಿದರೂ ಎಂದೋ ಒಂದು ದಿನ ಯಾರೋ ಒಬ್ಬರಿಗೆ ಲೈನು ಸಿಗದಿರುವ ಸಾಧ್ಯತೆ ಉಳಿದೇ ಉಳಿಯುತ್ತದೆ. ಆದ್ದರಿಂದ ನಷ್ಟವನ್ನು ಪೂರ್ತಿ ತಪ್ಪಿಸುವುದು ಹೇಗೆ ಎಂಬ ಪ್ರಶ್ನೆಯ ಜಾಗದಲ್ಲಿ, ಎಷ್ಟು ನಷ್ಟವನ್ನು ಒಪ್ಪಿಕೊಳ್ಳಬಹುದು ಎಂಬ ಪ್ರಶ್ನೆ ಬಂತು. ಆ ಪ್ರಮಾಣವನ್ನು ಸೂತ್ರ ತಾನಾಗಿ ನಿರ್ಧರಿಸುವುದಿಲ್ಲ. ಸೇವೆ ಒದಗಿಸುವವರು ಅಥವಾ ಅವರನ್ನು ನಿಯಂತ್ರಿಸುವವರು ಅದನ್ನು ಆರಿಸಬೇಕು. ಆರಿಸಿದ ಮೇಲೆ ಅದಕ್ಕೆ ತಕ್ಕ ಲೈನುಗಳ ಸಂಖ್ಯೆಯನ್ನು ಸೂತ್ರ ಕೊಡುತ್ತದೆ. ಇದನ್ನು ಸೇವಾ ದರ್ಜೆ ಎಂದು ಕರೆಯಲಾಗುತ್ತದೆ.

ಈ ಲೆಕ್ಕವನ್ನು ಹಂತಹಂತವಾಗಿ ಮಾಡಬಹುದು. ಲೈನೇ ಇಲ್ಲದಿದ್ದಾಗ ನಷ್ಟದ ಪಾಲು 1, ಅಂದರೆ ಎಲ್ಲ ಕರೆಗಳೂ ನಷ್ಟ. ಪ್ರತಿಯೊಂದು ಹೊಸ ಲೈನನ್ನು ಸೇರಿಸಿದಾಗ, ಹಿಂದಿನ ಹಂತದ ನಷ್ಟದ ಪಾಲನ್ನು ದಟ್ಟಣೆಯಿಂದ ಗುಣಿಸಬೇಕು. ಆ ಗುಣಲಬ್ಧವನ್ನು, ಅದೇ ಗುಣಲಬ್ಧಕ್ಕೆ ಲೈನುಗಳ ಹೊಸ ಸಂಖ್ಯೆಯನ್ನು ಕೂಡಿಸಿ ಬಂದ ಮೊತ್ತದಿಂದ ಭಾಗಿಸಬೇಕು. ದಟ್ಟಣೆ 1 ಆಗಿರುವಾಗ ಮೊದಲ ಲೈನಿಗೆ 1 ಭಾಗಿಸು 2, ಅಂದರೆ 0.5, ಎರಡನೆಯದಕ್ಕೆ 0.5 ಭಾಗಿಸು 2.5, ಅಂದರೆ 0.2, ಮೂರನೆಯದಕ್ಕೆ 0.2 ಭಾಗಿಸು 3.2, ಅಂದರೆ 0.0625. ಮೇಲಿನ ಪಟ್ಟಿಯ ಅಂಕಿಗಳು ಹೀಗೆ ಬಂದವು.

ಒಟ್ಟುಗೂಡಿಸುವುದರ ಲಾಭ

ಸೂತ್ರದಿಂದ ಇನ್ನೊಂದು ಅನಿರೀಕ್ಷಿತ ಸಂಗತಿಯೂ ಹೊರಬರುತ್ತದೆ. ನೂರಕ್ಕೆ ಎರಡು ಕರೆಗಳ ನಷ್ಟವನ್ನು ಒಪ್ಪಿದರೆ 10 ಲೈನುಗಳ ಗುಂಪು ಸುಮಾರು 5 ಮಾನಗಳ ದಟ್ಟಣೆಯನ್ನು ನಿಭಾಯಿಸುತ್ತದೆ. 100 ಲೈನುಗಳ ಗುಂಪು 50 ಮಾನಗಳನ್ನಲ್ಲ, ಸುಮಾರು 88 ಮಾನಗಳನ್ನು ನಿಭಾಯಿಸುತ್ತದೆ. ಹತ್ತು ಸಣ್ಣ ಗುಂಪುಗಳಿಗಿಂತ ಒಂದು ದೊಡ್ಡ ಗುಂಪು ಹೆಚ್ಚು ಜನರಿಗೆ ಸೇವೆ ಕೊಡಬಲ್ಲದು. ಒಂದೆಡೆಯ ಬಿಡುವು ಇನ್ನೊಂದೆಡೆಯ ಒತ್ತಡಕ್ಕೆ ಒದಗುತ್ತದೆ. ಇದರ ಇನ್ನೊಂದು ಮುಖವೆಂದರೆ, ಕೆಲವೇ ಲೈನುಗಳಿರುವ ಸಣ್ಣ ಊರುಗಳಲ್ಲಿ ಅದೇ ಗುಣಮಟ್ಟದ ಸೇವೆ ಕೊಡಲು ತಲಾ ಹೆಚ್ಚಿನ ವೆಚ್ಚವಾಗುತ್ತದೆ.

ಕಾಯುವಿಕೆಯ ಸೂತ್ರ

ಎರಡನೆಯ ಸೂತ್ರ ಕರೆ ಹಿಂತಿರುಗದೆ ಸರತಿಯಲ್ಲಿ ಕಾಯುವ ಸ್ಥಿತಿಗೆ ಸಂಬಂಧಿಸಿದೆ. ಬಂದ ಕರೆ ಕಾಯಬೇಕಾಗುವ ಸಂಭವನೀಯತೆ ಎಷ್ಟು, ಸರಾಸರಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಇದರಿಂದ ಲೆಕ್ಕ ಹಾಕಬಹುದು. ಅಂದು ಆಪರೇಟರುಗಳ ಸಂಖ್ಯೆಯನ್ನು ನಿರ್ಧರಿಸಲು ಉಪಯುಕ್ತವಾಗಿದ್ದ ಈ ಸೂತ್ರ ಇಂದು ಕಾಲ್ ಸೆಂಟರುಗಳಲ್ಲಿ ಯಾವ ವೇಳೆಗೆ ಎಷ್ಟು ಸಿಬ್ಬಂದಿ ಬೇಕೆಂದು ಯೋಜಿಸಲು ಬಳಕೆಯಲ್ಲಿದೆ.

ಸೂತ್ರದ ಮಿತಿಗಳು

ನಷ್ಟ ಸೂತ್ರ ಕೆಲವು ಊಹೆಗಳ ಮೇಲೆ ನಿಂತಿದೆ. ಕರೆ ಮಾಡುವವರು ಬಹಳ ಮಂದಿ ಇರಬೇಕು. ಅವರು ಒಬ್ಬರನ್ನೊಬ್ಬರು ಅವಲಂಬಿಸದೆ ಕರೆ ಮಾಡಬೇಕು. ಬಿಜಿ ಟೋನ್ ಕೇಳಿದವರು ಸುಮ್ಮನಾಗಬೇಕು. ನಿಜದಲ್ಲಿ ಲೈನು ಸಿಗದವರು ತಕ್ಷಣವೇ ಮತ್ತೆ ಪ್ರಯತ್ನಿಸುತ್ತಾರೆ. ಇದರಿಂದ ದಟ್ಟಣೆ ಇನ್ನಷ್ಟು ಹೆಚ್ಚಿ, ನಿಜವಾದ ನಷ್ಟ ಲೆಕ್ಕಕ್ಕಿಂತ ಮೇಲೇರುತ್ತದೆ. ಭೂಕಂಪ, ಪ್ರವಾಹದಂಥ ಸಂದರ್ಭಗಳಲ್ಲಿ ಎಲ್ಲರೂ ಒಂದೇ ಕಾರಣಕ್ಕೆ ಒಂದೇ ವೇಳೆಯಲ್ಲಿ ಕರೆ ಮಾಡುವುದರಿಂದ ಕರೆಗಳು ಸ್ವತಂತ್ರವೆಂಬ ಊಹೆಯೇ ಮುರಿದುಬೀಳುತ್ತದೆ. ಕರೆ ಮಾಡುವವರ ಸಂಖ್ಯೆ ಸೀಮಿತವಾಗಿರುವ ಸ್ಥಿತಿಗೆ ನಾರ್ವೆಯ ಟೋರೆ ಎಂಗ್ಸೆಟ್ ಬೇರೊಂದು ಸೂತ್ರವನ್ನು ರೂಪಿಸಿದರು.

ಇದಕ್ಕೆ ಪ್ರತಿಯಾಗಿ ಸೂತ್ರಕ್ಕೆ ಒಂದು ದೊಡ್ಡ ಬಲವೂ ಇದೆ. ಕೆಲವರು ಅರ್ಧ ನಿಮಿಷ, ಕೆಲವರು ಅರ್ಧ ಗಂಟೆ ಮಾತನಾಡಿದರೂ ಸರಾಸರಿ ಅವಧಿ ಬದಲಾಗದಿದ್ದರೆ ನಷ್ಟದ ಪಾಲು ಬದಲಾಗುವುದಿಲ್ಲ. ನಂತರದ ಗಣಿತಜ್ಞರು ಇದನ್ನು ಕಟ್ಟುನಿಟ್ಟಾಗಿ ಸಾಧಿಸಿ ತೋರಿಸಿದರು. ಜನರ ಮಾತಿನ ಅಭ್ಯಾಸ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದರೂ ಸೂತ್ರ ಉಳಿದುಕೊಂಡಿರುವುದಕ್ಕೆ ಇದೊಂದು ಕಾರಣ.

ಮನ್ನಣೆ

ಎರ್ಲಾಂಗ್ ತಮ್ಮ ಪ್ರಬಂಧಗಳನ್ನು ಬಹಳ ಸಂಕ್ಷಿಪ್ತವಾಗಿ ಬರೆಯುತ್ತಿದ್ದರು. ಕೆಲವೆಡೆ ಸಾಧನೆಯನ್ನೇ ಕೊಡದೆ ಫಲಿತಾಂಶವನ್ನಷ್ಟೇ ಹೇಳುತ್ತಿದ್ದರು. ಇದರಿಂದ ಕ್ಷೇತ್ರದ ಹೊರಗಿನವರಿಗೆ ಅವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಾಗುತ್ತಿತ್ತು. ಆದರೂ ಅವು ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಿಗೆ ಅನುವಾದಗೊಂಡು ಹೊರದೇಶಗಳ ಇಂಜಿನಿಯರುಗಳನ್ನು ತಲುಪಿದವು. ಅಂದು ಬ್ರಿಟನ್ನಿನ ದೂರವಾಣಿ ಸೇವೆಯನ್ನು ನಡೆಸುತ್ತಿದ್ದ ಅಂಚೆ ಇಲಾಖೆ, ಲೈನುಗಳ ಸಂಖ್ಯೆಯನ್ನು ಲೆಕ್ಕ ಹಾಕಲು ಅವರ ಸೂತ್ರವನ್ನು ಒಪ್ಪಿಕೊಂಡಿತು. ಅಮೆರಿಕದ ಬೆಲ್ ಪ್ರಯೋಗಾಲಯದ ಸಂಶೋಧಕರೊಬ್ಬರು ಎರ್ಲಾಂಗ್ ಅವರ ಬರಹಗಳನ್ನು ಮೂಲದಲ್ಲೇ ಓದಲು ಡ್ಯಾನಿಶ್ ಭಾಷೆ ಕಲಿತರೆಂದು ಹೇಳಲಾಗುತ್ತದೆ.

ಇತರ ಕೆಲಸಗಳು

ಎರ್ಲಾಂಗ್ ಅವರ ಆಸಕ್ತಿ ಸಂಭವನೀಯತೆಗೆ ಸೀಮಿತವಾಗಿರಲಿಲ್ಲ. ದೂರವಾಣಿ ತಂತಿಗಳಲ್ಲಿನ ಪರ್ಯಾಯ ವಿದ್ಯುತ್ತನ್ನು ಅಳೆಯುವ ಉಪಕರಣವೊಂದನ್ನು ಅವರು ರೂಪಿಸಿದರು. ಗಣಿತದ ಕೋಷ್ಟಕಗಳನ್ನು ಸಿದ್ಧಪಡಿಸುವುದರಲ್ಲೂ ಅವರಿಗೆ ಪರಿಣತಿಯಿತ್ತು; ಅವರ ಲಾಗರಿದಮ್ ಕೋಷ್ಟಕಗಳು ಪ್ರಕಟವಾಗಿವೆ. ಒಂದರ ಹಿಂದೊಂದರಂತೆ ಬರುವ ಹಲವು ಹಂತಗಳ ಒಟ್ಟು ಅವಧಿಯನ್ನು ವರ್ಣಿಸುವ ಸಂಭವನೀಯತಾ ವಿತರಣೆಯನ್ನು ಇಂದು ಎರ್ಲಾಂಗ್ ವಿತರಣೆ ಎಂದು ಕರೆಯಲಾಗುತ್ತದೆ.

ವ್ಯಕ್ತಿತ್ವ

ಎರ್ಲಾಂಗ್ ಅವಿವಾಹಿತರಾಗಿಯೇ ಉಳಿದರು. ಕೆಲಸ ಮತ್ತು ಅಧ್ಯಯನ ಅವರ ದಿನವನ್ನೆಲ್ಲ ತುಂಬಿಕೊಂಡಿದ್ದವು. ಗಣಿತ, ಖಗೋಳಶಾಸ್ತ್ರ, ಭೌತಶಾಸ್ತ್ರಗಳಿಗೆ ಸಂಬಂಧಿಸಿದ ಪುಸ್ತಕಗಳ ದೊಡ್ಡ ಸಂಗ್ರಹ ಅವರಲ್ಲಿತ್ತು. ಮಿತಭಾಷಿಯಾಗಿದ್ದ ಅವರು ಕಷ್ಟದಲ್ಲಿದ್ದವರಿಗೆ ಧಾರಾಳವಾಗಿ ನೆರವಾಗುತ್ತಿದ್ದರು. ಬಡವರು ನೆರವು ಕೇಳಿಕೊಂಡು ಅವರ ಪ್ರಯೋಗಾಲಯದವರೆಗೂ ಬರುತ್ತಿದ್ದರು. ಎರ್ಲಾಂಗ್ ಸದ್ದಿಲ್ಲದೆ ಸಹಾಯ ಮಾಡಿ ಕಳುಹಿಸುತ್ತಿದ್ದರು.

ನಿಧನ

ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಎರ್ಲಾಂಗ್ ಕಾಯಿಲೆಯ ಕಾರಣದಿಂದ ಕೆಲಸ ತಪ್ಪಿಸಿದವರಲ್ಲ. 1929ರ ಜನವರಿಯಲ್ಲಿ ಹೊಟ್ಟೆನೋವು ಕಾಣಿಸಿಕೊಂಡು ಅವರನ್ನು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆಗೆ ಸೇರಿಸಲಾಯಿತು. ಅವರು ಚೇತರಿಸಿಕೊಳ್ಳಲಿಲ್ಲ. ಫೆಬ್ರವರಿ 3ರ ಭಾನುವಾರ, ತಮ್ಮ 51ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಮೊಬೈಲ್ ಜಾಲಗಳಲ್ಲಿ ಎರ್ಲಾಂಗ್ ಸೂತ್ರ

ತಂತಿಯ ದೂರವಾಣಿಯಲ್ಲಿ ಪ್ರತಿ ಮನೆಯಿಂದ ಕೇಂದ್ರದವರೆಗೆ ಆ ಮನೆಗೇ ಮೀಸಲಾದ ತಂತಿಜೋಡಿ ಇರುತ್ತದೆ. ಲೈನುಗಳ ಹಂಚಿಕೆ ಶುರುವಾಗುವುದು ಕೇಂದ್ರದಿಂದ ಆಚೆಗೆ. ಮೊಬೈಲಿನಲ್ಲಿ ಹಾಗಲ್ಲ. ಗೋಪುರದ ವ್ಯಾಪ್ತಿಯಲ್ಲಿರುವ ಎಲ್ಲರೂ ಕೆಲವೇ ರೇಡಿಯೊ ವಾಹಿನಿಗಳನ್ನು ಹಂಚಿಕೊಳ್ಳಬೇಕು. ಆದ್ದರಿಂದ ಎರ್ಲಾಂಗ್ ಅವರ ಸಮಸ್ಯೆ ಇಲ್ಲಿ ಕರೆಯ ಮೊದಲ ಹೆಜ್ಜೆಯಲ್ಲೇ ಎದುರಾಗುತ್ತದೆ.

ಜಿಎಸ್‌ಎಂ ವ್ಯವಸ್ಥೆಯಲ್ಲಿ ಒಂದು ತರಂಗವಾಹಕವನ್ನು ಎಂಟು ಕಾಲಖಂಡಗಳಾಗಿ ವಿಂಗಡಿಸಲಾಗುತ್ತದೆ. ಒಂದನ್ನು ನಿಯಂತ್ರಣ ಸಂದೇಶಗಳಿಗೆ ಬಿಟ್ಟರೆ ಮಾತಿಗೆ ಏಳು ಉಳಿಯುತ್ತವೆ. ನೂರಕ್ಕೆ ಎರಡರ ನಷ್ಟದಲ್ಲಿ ಏಳು ವಾಹಿನಿಗಳು ನಿಭಾಯಿಸುವ ದಟ್ಟಣೆ ಸುಮಾರು 2.9 ಮಾನ. ಅತಿ ದಟ್ಟಣೆಯ ಗಂಟೆಯಲ್ಲಿ ಒಬ್ಬೊಬ್ಬರು ಸರಾಸರಿ ಒಂದೂವರೆ ನಿಮಿಷ ಮಾತನಾಡುವರೆಂದು ಇಟ್ಟುಕೊಂಡರೆ ಇದು ಸುಮಾರು 117 ಜನರಿಗೆ ಸಾಕಾಗುತ್ತದೆ. ವಾಹಿನಿಗಳನ್ನು 14ಕ್ಕೆ ಏರಿಸಿದರೆ ಅದೇ ಗುಣಮಟ್ಟದಲ್ಲಿ ಸುಮಾರು 328 ಜನರಿಗೆ ಸೇವೆ ಕೊಡಬಹುದು. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2009ರ ಸೇವಾ ಗುಣಮಟ್ಟದ ನಿಯಮಗಳಲ್ಲಿ ಮಾತಿನ ವಾಹಿನಿಗಳ ದಟ್ಟಣೆಗೆ ಶೇಕಡ 2ರ ಮಿತಿಯನ್ನು ವಿಧಿಸಿತು. ಒಪ್ಪಬಹುದಾದ ನಷ್ಟವನ್ನು ಮೊದಲು ಆರಿಸಬೇಕೆಂಬ ಎರ್ಲಾಂಗ್ ಅವರ ಕ್ರಮ ಇಲ್ಲಿ ನಿಯಮದ ರೂಪದಲ್ಲಿ ಕಾಣುತ್ತದೆ.

ಕರೆ ವಿಫಲವಾದಾಗ ಅದರ ಕಾರಣ ಒಂದು ಸಂಖ್ಯೆಯ ರೂಪದಲ್ಲಿ ಜಾಲದೊಳಗೆ ಹಿಂದಕ್ಕೆ ಸಾಗಿ ಬರುತ್ತದೆ. ಕರೆದವರು ಬೇರೆ ಕರೆಯಲ್ಲಿದ್ದರೆ ಆ ಸಂಖ್ಯೆ 17. ದಾರಿಯಲ್ಲಿ ವಾಹಿನಿ ಖಾಲಿಯಿಲ್ಲದಿದ್ದರೆ 34. ಇದನ್ನು ಆಧರಿಸಿ ಮೊಬೈಲ್ ತಾನೇ ಟೋನ್ ಹೊರಡಿಸುತ್ತದೆ, ಇಲ್ಲವೇ ಜಾಲವು ಮುದ್ರಿತ ಧ್ವನಿಯಲ್ಲಿ ಸಂಗತಿಯನ್ನು ತಿಳಿಸುತ್ತದೆ. ಜಿಎಸ್‌ಎಂ ಮಾನದಂಡದ ಸಾಮಾನ್ಯ ಕ್ರಮದಲ್ಲಿ ಎರಡೂ ಟೋನ್‌ಗಳ ಆವರ್ತನ 425 ಹರ್ಟ್ಸ್. ಚಂದಾದಾರರು ಬಿಡುವಿಲ್ಲದಿದ್ದರೆ ಅರ್ಧ ಸೆಕೆಂಡು ಸದ್ದು, ಅರ್ಧ ಸೆಕೆಂಡು ಮೌನ. ಜಾಲವೇ ತುಂಬಿದ್ದರೆ 0.2 ಸೆಕೆಂಡಿನ ಸದ್ದು, 0.2 ಸೆಕೆಂಡಿನ ಮೌನ. ನಿಧಾನವಾದ ಟೋನ್ ಇನ್ನೊಬ್ಬರ ಮಾತು ಮುಗಿಯಲು ಕಾಯಬೇಕೆಂಬುದನ್ನು ತಿಳಿಸುತ್ತದೆ. ವೇಗವಾದ ಟೋನ್ ತಿಳಿಸುವುದು, ಎರ್ಲಾಂಗ್ ಸೂತ್ರದ ಪ್ರಕಾರ ಬಿಟ್ಟುಕೊಟ್ಟ ನೂರರಲ್ಲಿ ಎರಡು ಕರೆಗಳ ಪೈಕಿ ಇದೂ ಒಂದಾಗಿರಬಹುದು ಎಂಬುದನ್ನು.

ಗೌರವ ಮತ್ತು ಸ್ಮರಣೆ

1946ರಲ್ಲಿ ದೂರವಾಣಿಯ ಅಂತರರಾಷ್ಟ್ರೀಯ ಸಲಹಾ ಸಮಿತಿಯು ಕರೆದಟ್ಟಣೆಯ ಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನು ಒಪ್ಪಿಕೊಂಡಿತು. ಒಂದು ಲೈನು ಒಂದು ಗಂಟೆಯುದ್ದಕ್ಕೂ ಬಳಕೆಯಲ್ಲಿದ್ದರೆ ಆ ದಟ್ಟಣೆ ಒಂದು ಎರ್ಲಾಂಗ್. ಈ ಲೇಖನದಲ್ಲಿ ಮಾನ ಎಂದು ಹೇಳಿರುವುದು ಇದನ್ನೇ. 1948ರಲ್ಲಿ ಕೋಪನ್‌ಹೇಗನ್ ದೂರವಾಣಿ ಕಂಪನಿಯು ಅವರ ಜೀವನ ಮತ್ತು ಕೃತಿಗಳನ್ನು ಒಳಗೊಂಡ ಗ್ರಂಥವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿತು.

ಅವರ ನಂತರ ಪೊಲಾಚೆಕ್, ಖಿಂಚಿನ್, ಪಾಮ್, ಕೆಂಡಾಲ್ ಮೊದಲಾದವರು ಸರತಿ ಸಿದ್ಧಾಂತವನ್ನು ಬೆಳೆಸಿದರು. ಆಸ್ಪತ್ರೆಯ ಹಾಸಿಗೆಗಳು, ಬ್ಯಾಂಕಿನ ಕೌಂಟರುಗಳು, ವಿಮಾನ ನಿಲ್ದಾಣಗಳು, ಕಂಪ್ಯೂಟರ್ ಜಾಲಗಳು ಹೀಗೆ ಸೀಮಿತ ಸೌಲಭ್ಯಕ್ಕೆ ಅನೇಕರು ಬಂದು ನಿಲ್ಲುವ ಕಡೆಗಳಲ್ಲೆಲ್ಲ ಈ ಸಿದ್ಧಾಂತ ಬಳಕೆಯಾಗುತ್ತದೆ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ 1986ರಲ್ಲಿ ಬೆಳವಣಿಗೆ ಆರಂಭವಾದ ಪ್ರೋಗ್ರಾಮಿಂಗ್ ಭಾಷೆಗೂ ಎರ್ಲಾಂಗ್ ಎಂದೇ ಹೆಸರು. ಒಂದೇ ವೇಳೆ ಅಸಂಖ್ಯಾತ ಕರೆಗಳನ್ನು ನಿರ್ವಹಿಸಬೇಕಾದ ದೂರವಾಣಿ ಸ್ವಿಚ್ಚುಗಳಿಗಾಗಿ ರೂಪುಗೊಂಡ ಈ ಭಾಷೆ 1998ರಲ್ಲಿ ಮುಕ್ತ ತಂತ್ರಾಂಶವಾಯಿತು. ವಾಟ್ಸ್‌ಆ್ಯಪ್ ಸೇವೆಯ ಸರ್ವರುಗಳಲ್ಲಿ ಇದನ್ನು ಬಳಸಲಾಗಿದೆ.